ಘಟ್ಟದ ಲಾರಿಗೆ ಬಾಡಿಗೆ ಕಟ್ಟುವವರು ಯಾರು?

ಹುಬ್ಬಳ್ಳಿಯಿಂದ ಅಂಕೋಲೆಗೆ ಬರುವ ಹೆದ್ದಾರಿ ಯಲ್ಲಾಪುರ ದಾಟಿದ ಮೇಲೆ ಅರೆಬೈಲ್ ಘಟ್ಟದಲ್ಲಿ ಸುತ್ತಿ ಸುತ್ತಿ ಇಳಿಯುತ್ತದೆ. ಗುಳ್ಳಾಪುರ, ರಾಮನಗುಳಿ ಕಳೆದು ಸುಂಕಸಾಳ ಬರುವ ಹೊತ್ತಿಗೆ ಘಟ್ಟ ಹಿಂದೆ ಉಳಿದು, ಗಂಗಾವಳಿ ಹೊಳೆ ಜೊತೆಯಾಗಿರುತ್ತದೆ. ಮಳೆ ಅತಿಯಾದ ವರ್ಷ ಹೊಳೆ ದಡ ಮೀರುತ್ತದೆ. 2019 ಮತ್ತು 2021ರ ನೆರೆಯನ್ನು ಈ ಸೀಮೆ ಮರೆತಿಲ್ಲ. 2021ರ ಜುಲೈಯಲ್ಲಿ ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು, ಘಟ್ಟದಲ್ಲಿ ಗುಡ್ಡ ಜರಿದು ಸಂಚಾರ ನಿಂತಿತು. ಬಯಲುಸೀಮೆಯ ತರಕಾರಿ, ಸಿಮೆಂಟು, ಕಬ್ಬಿಣ ಕರಾವಳಿಗೆ ಇಳಿಯುವುದೂ, ಕಾರವಾರ–ಅಂಕೋಲೆಯ ಮೀನು ಮೇಲೆ ಹತ್ತುವುದೂ ಎಷ್ಟರ ಮಟ್ಟಿಗೆ ಈ ಒಂದು ದಾರಿಯನ್ನು ನೆಚ್ಚಿಕೊಂಡಿವೆ ಎಂಬುದು ಅಂಥ ದಿನಗಳಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.

ದಾರಿ ತೆರೆದಿರುವ ದಿನಗಳಲ್ಲಿ ಮಾತ್ರ ಲಾರಿಯ ಸ್ಟೇರಿಂಗ್ ಹಿಡಿದವನ ಬಗ್ಗೆ ಯಾರೂ ಕೇಳುವುದಿಲ್ಲ. ಅವನ ದುಡಿಮೆಗೆ ಬೆಲೆ ಕಟ್ಟುವವರು ಯಾರು, ಆ ಬೆಲೆ ಏರಿಸಿ ಎಂದು ಅವನು ಯಾರ ಎದುರು ಕೂತು ಕೇಳಬೇಕು, ಕೇಳಿದರೆ ಕಾನೂನು ಅವನ ಬೆನ್ನಿಗಿದೆಯೇ? ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿದರೆ ಘಟ್ಟದ ಅಪಘಾತಗಳ ಹಿಂದಿನ ಕಾರಣವೂ ಸ್ವಲ್ಪ ಅರ್ಥವಾಗುತ್ತದೆ.

ಅದಿರಿನ ದಿನಗಳು ಕಲಿಸಿದ್ದು

ಈ ದಾರಿಯ ಲಾರಿ ಬದುಕನ್ನು ಬುಡಮೇಲು ಮಾಡಿದ್ದು ಕಬ್ಬಿಣದ ಅದಿರು. ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಉಕ್ಕಿನ ಕಾರ್ಖಾನೆಗಳ ಹಸಿವು ಏರಿದಂತೆ ಬಳ್ಳಾರಿ, ಹೊಸಪೇಟೆ, ಸಂಡೂರಿನ ಅದಿರು ಲಾರಿಗಳಲ್ಲಿ ಘಟ್ಟ ಇಳಿದು ಬೇಲೆಕೇರಿ, ಕಾರವಾರ ಬಂದರುಗಳಿಗೆ ಬಂತು. ಆಗ ಇದು ಅಂಕೋಲಾ–ಗುತ್ತಿ ಹೆದ್ದಾರಿ, ಸಂಖ್ಯೆ 63. ಈಗ ಅಂಕೋಲಾ–ಹುಬ್ಬಳ್ಳಿ ಭಾಗ ಪಂಜಾಬಿನ ಸಂಗ್ರೂರಿನವರೆಗೆ ಹೋಗುವ 52ನೇ ಹೆದ್ದಾರಿಯ ಕೊನೆಯ ತುಂಡು. ಸಂಖ್ಯೆ ಯಾವುದಾದರೂ ಅಂದು ರಸ್ತೆಬದಿಯ ಗಿಡಮರಗಳೆಲ್ಲ ಕೆಂಪು ಧೂಳು ಹೊದ್ದಿದ್ದವು. ಬ್ಯಾಂಕು, ಫೈನಾನ್ಸುಗಳಲ್ಲಿ ಸಾಲ ಎತ್ತಿ ಲಾರಿ ಕೊಂಡವರು ಎಷ್ಟೋ ಜನ. ಟನ್ನಿಗಿಷ್ಟು ಎಂದು ಬಾಡಿಗೆ ಸಿಗುತ್ತಿದ್ದಾಗ ಕಂತು ಕಟ್ಟುವುದು ಕಷ್ಟವಾಗಿ ಕಾಣಲಿಲ್ಲ.

2010ರ ಮಾರ್ಚ್‌ನಲ್ಲಿ ಬೇಲೆಕೇರಿಯಲ್ಲಿ ಅರಣ್ಯ ಇಲಾಖೆ ಸುಮಾರು 8 ಲಕ್ಷ ಟನ್ ಅದಿರನ್ನು ಜಪ್ತಿ ಮಾಡಿತು. ಜಪ್ತಿಯಾದ ಅದಿರಿನ ಬಹುಪಾಲು ಬಂದರಿನಿಂದಲೇ ಹಡಗು ಹತ್ತಿ ಕಾಣೆಯಾದದ್ದು ನಾಡಿನ ದೊಡ್ಡ ಹಗರಣಗಳಲ್ಲೊಂದಾಯಿತು. ಅದೇ ವರ್ಷ ಜುಲೈಯಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು. 2011ರ ಜುಲೈಯಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಅಕ್ರಮ ಗಣಿಗಾರಿಕೆ ಕುರಿತ ವರದಿ ಬಂತು. ಆ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಕಾಡು ಉಳಿಯಲು, ಕಳ್ಳತನ ನಿಲ್ಲಲು ಈ ತೀರ್ಮಾನ ಬೇಕೇ ಬೇಕಿತ್ತು. ಆದರೆ ಅದಿರು ನಿಂತ ದಿನ ಲಾರಿಯ ಕಂತು ನಿಲ್ಲಲಿಲ್ಲ. ಅದಿರಿನ ಲಾಭ ಗಣಿಯವರಿಗೆ ಮತ್ತು ಹಡಗು ತುಂಬಿಸಿದವರಿಗೆ ಹೋಗಿತ್ತು. ಸಾಲದ ಕಾಗದ ಮಾತ್ರ ಲಾರಿಯವನ ಹೆಸರಿನಲ್ಲಿ ಉಳಿಯಿತು. ಸರಕಿನವನಿಗೂ ಲಾರಿಯವನಿಗೂ ನಡುವೆ ಇಷ್ಟು ವರ್ಷಕ್ಕೆ ಇಷ್ಟು ಕೆಲಸ, ಇಷ್ಟು ಬಾಡಿಗೆ ಎಂಬ ಬರಹದ ಕರಾರು ಇಲ್ಲದಿದ್ದರೆ ನಷ್ಟ ಯಾರ ತಲೆಗೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪಾಠ ಬೇಕಿಲ್ಲ.

ಬಾಡಿಗೆ ನಿಗದಿಯಾಗುವ ಬಗೆ

ದೇಶದ ಲಾರಿಗಳಲ್ಲಿ ಮುಕ್ಕಾಲು ಪಾಲು ಇರುವುದು ಐದಕ್ಕಿಂತ ಹೆಚ್ಚು ಲಾರಿ ಇಲ್ಲದ ಸಣ್ಣ ಮಾಲೀಕರ ಕೈಯಲ್ಲಿ. ಒಂದೇ ಲಾರಿ ಇಟ್ಟುಕೊಂಡು ತಾನೇ ಓಡಿಸುವವನೂ ಮಾಲೀಕನೇ. ಅವನಿಗೆ ಕಾರ್ಖಾನೆಯ ಪರಿಚಯವಿಲ್ಲ. ಲೋಡು ಸಿಗುವುದು ಬುಕಿಂಗ್ ಆಫೀಸಿನ ಏಜೆಂಟನಿಂದ. ದೊಡ್ಡ ಕಂಪನಿ ದೊಡ್ಡ ಸಾಗಣೆದಾರನಿಗೆ ಗುತ್ತಿಗೆ ಕೊಡುತ್ತದೆ, ಅವನು ಏಜೆಂಟನಿಗೆ ಹೇಳುತ್ತಾನೆ, ಏಜೆಂಟ ಲಾರಿ ಕರೆಯುತ್ತಾನೆ. ಮೇಲೆ ಹೇಳಿದ ದರಕ್ಕೂ ಕೆಳಗೆ ಕೈಗೆ ಬರುವ ದರಕ್ಕೂ ಎಷ್ಟು ಅಂತರವೆಂದು ಲಾರಿಯವನಿಗೆ ತಿಳಿಯುವ ದಾರಿಯಿಲ್ಲ. ಈಚೆಗೆ ಮೊಬೈಲಿನ ಆ್ಯಪ್‌ಗಳಲ್ಲೂ ಲೋಡು ಸಿಗುತ್ತದೆ. ಏಜೆಂಟನ ಮುಖ ಮರೆಯಾಯಿತು, ಕಡಿಮೆ ಕೇಳಿದವನಿಗೆ ಲೋಡು ಎಂಬ ನಿಯಮ ಹಾಗೇ ಉಳಿಯಿತು.

ಈ ಪೈಪೋಟಿಯ ಜೀವಾಳ ರಿಟರ್ನ್ ಲೋಡು. ಘಟ್ಟ ಇಳಿದು ಬಂದ ಲಾರಿ ಖಾಲಿ ಹತ್ತಿದರೆ ಡೀಸೆಲ್ಲು, ಟೋಲು, ಟೈರು ಎಲ್ಲವೂ ಕೈಯಿಂದ. ಅದಕ್ಕಾಗಿ ಡೀಸೆಲ್ ಖರ್ಚು ಹುಟ್ಟಿದರೆ ಸಾಕೆಂದು ಸಿಕ್ಕಿದ ಬಾಡಿಗೆಗೆ ಲೋಡು ಎತ್ತುವವನು ಯಾವಾಗಲೂ ಒಬ್ಬನಿರುತ್ತಾನೆ. ಅವನ ದರವೇ ಮರುದಿನ ಎಲ್ಲರ ದರವಾಗುತ್ತದೆ. ಇದನ್ನು ತಡೆಯಲೆಂದೇ ಎಷ್ಟೋ ಊರುಗಳ ಲಾರಿ ಮಾಲೀಕರ ಸಂಘಗಳು ಸರದಿ ಪದ್ಧತಿ ಇಟ್ಟುಕೊಂಡವು: ಬಂದ ಲಾರಿಗೆ ನಂಬರು, ನಂಬರಿನ ಪ್ರಕಾರ ಲೋಡು, ಎಲ್ಲರಿಗೂ ಒಂದೇ ದರ.

ಮಾಲೀಕನ ಲೆಕ್ಕವೇ ಹೀಗಿದ್ದರೆ ಸಂಬಳದ ಚಾಲಕನ ಲೆಕ್ಕ ಇನ್ನೂ ಬಿಗಿ. ಅವನಿಗೆ ಟ್ರಿಪ್ಪಿಗಿಷ್ಟು, ದಿನಕ್ಕಿಷ್ಟು ಬತ್ತೆ. ಗೋದಾಮಿನ ಮುಂದೆ ಎರಡು ದಿನ ಲಾರಿ ನಿಂತರೆ ಟ್ರಿಪ್ಪು ಕಡಿಮೆಯಾಯಿತು, ಸಂಪಾದನೆಯೂ ಕಡಿಮೆಯಾಯಿತು. ಹಾಲ್ಟಿಂಗ್ ಹಣ ಕೊಡುವ ಮಾತು ಹಲವು ಕಡೆ ಬಾಯಲ್ಲೇ ಉಳಿಯುತ್ತದೆ. ಕಳೆದುಹೋದ ಆ ಎರಡು ದಿನವನ್ನು ಚಾಲಕ ಎಲ್ಲಿಂದ ತುಂಬಿಕೊಳ್ಳುತ್ತಾನೆ? ರಾತ್ರಿಯ ನಿದ್ದೆಯಿಂದ. ಬೇರೆ ಉಳಿತಾಯ ಅವನ ಬಳಿ ಇಲ್ಲ.

ಆಜ್ಞೆಯಿಂದ ಬರುವ ಪೈಪೋಟಿ

ಲಾರಿಯವರ ನಡುವಿನ ಪೈಪೋಟಿ ಸಂತೆಯಲ್ಲಿ ಮಾತ್ರ ಹುಟ್ಟುವುದಿಲ್ಲ, ದಿಲ್ಲಿಯ ಒಂದು ಅಧಿಸೂಚನೆಯಿಂದಲೂ ಹುಟ್ಟಬಹುದು. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಲಾರಿಗಳು ಹೊರಬಹುದಾದ ಭಾರದ ಮಿತಿ ಏರಿಸಿತು. ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿ 25 ಟನ್‌ನಿಂದ 28.5 ಟನ್ನಿಗೆ ಹೋಯಿತು. ಲಾರಿಯ ಸ್ವಂತ ತೂಕ ಒಂಬತ್ತೂವರೆ ಟನ್ ಎಂದು ಹಿಡಿದರೆ ಸರಕು 15.5 ಟನ್‌ನಿಂದ 19 ಟನ್ನಿಗೆ ಏರಿದಂತಾಯಿತು. ಆರು ಲಾರಿ ಹೊರುತ್ತಿದ್ದ ಸರಕಿಗೆ ಐದೇ ಸಾಕು. ಊರಿಗೆ ಹೊಸ ಲಾರಿ ಒಂದೂ ಬರದಿದ್ದರೂ ಆರನೆಯ ಲಾರಿಯವನಿಗೆ ಕೆಲಸ ಇಲ್ಲವಾಯಿತು. ಅವನು ದರ ಇಳಿಸಿದ, ಉಳಿದ ಐವರೂ ಇಳಿಸಬೇಕಾಯಿತು.

ರೈಲು ಇನ್ನೊಂದು ಕಡೆಯಿಂದ ಬರುವ ಪೈಪೋಟಿ. ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗಕ್ಕೆ 1999ರಲ್ಲಿ ಅಟಲ್ ಬಿಹಾರಿ ವಾಜಪೇಯಿ ಅಡಿಗಲ್ಲು ಹಾಕಿದರು. ಸುಮಾರು 164 ಕಿ.ಮೀ. ಉದ್ದದ ಈ ಮಾರ್ಗ ಪಶ್ಚಿಮ ಘಟ್ಟದ ದಟ್ಟ ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿಕೊಂಡು ದಶಕಗಳು ಕಳೆದಿವೆ. 2020ರ ಮಾರ್ಚ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿದ ಮೇಲೂ ಹೈಕೋರ್ಟಿನಲ್ಲಿ ತಡೆ ಬಂತು. 58 ವ್ಯಾಗನ್ನಿನ ಒಂದು ಗೂಡ್ಸ್ ರೈಲು ಸುಮಾರು 3,500 ಟನ್ ಎಳೆಯುತ್ತದೆ. ಅದೇ ಸರಕಿಗೆ ಹತ್ತು ಚಕ್ರದ ಲಾರಿಗಳು 180ಕ್ಕೂ ಹೆಚ್ಚು ಬೇಕು. ಕಾಡಿನ ದೃಷ್ಟಿಯಿಂದ, ಬಂದರಿನ ದೃಷ್ಟಿಯಿಂದ ಈ ಮಾರ್ಗದ ಪರ–ವಿರೋಧ ವಾದಗಳು ಸಾಕಷ್ಟು ನಡೆದಿವೆ. ಹೆದ್ದಾರಿಯನ್ನೇ ನಂಬಿದ ಲಾರಿ ಚಾಲಕನ ಮುಂದಿನ ಬದುಕು ಆ ವಾದಗಳಲ್ಲಿ ಜಾಗ ಪಡೆಯಬೇಕು. ರೈಲನ್ನೂ ಲಾರಿಯನ್ನೂ ಒಟ್ಟಿಗೆ ಕೂಡಿಸುವ ದಾರಿ ನಮ್ಮ ಕರಾವಳಿಯಲ್ಲೇ ಇದೆ: ಕೊಂಕಣ ರೈಲ್ವೆ 1999ರಿಂದ ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಏರಿಸಿ ಸಾಗಿಸುತ್ತಿದೆ. ಆ ಹೊತ್ತಿನಲ್ಲಿ ಚಾಲಕ ನಿದ್ದೆ ಮಾಡಬಹುದು, ಲಾರಿಯೂ ಮುಂದೆ ಹೋಗುತ್ತದೆ.

ಕಾನೂನಿನ ಕಣ್ಣಿನಲ್ಲಿ ಅವನು ಯಾರು?

ಕಾರ್ಮಿಕರು ಒಟ್ಟುಗೂಡಿ ಕೂಲಿ ಹೆಚ್ಚಿಸಿ ಎಂದು ಕೇಳುವುದು ಹಕ್ಕು. 1926ರ ಕಾರ್ಮಿಕ ಸಂಘಗಳ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿತು. ವ್ಯಾಪಾರಿಗಳು ಒಟ್ಟುಗೂಡಿ ಇದಕ್ಕಿಂತ ಕಡಿಮೆ ದರಕ್ಕೆ ಮಾರುವುದು ಬೇಡ ಎಂದು ತೀರ್ಮಾನಿಸುವುದು ಕಾನೂನಿಗೆ ವಿರುದ್ಧ. 2002ರ ಸ್ಪರ್ಧಾ ಕಾಯ್ದೆಯ ಪ್ರಕಾರ ದಂಡಕ್ಕೆ ಗುರಿ. ಒಂದೇ ಲಾರಿಯನ್ನು ಸಾಲದಲ್ಲಿ ಕೊಂಡು ಹಗಲು ರಾತ್ರಿ ತಾನೇ ಓಡಿಸುವವನು ಈ ಎರಡರಲ್ಲಿ ಯಾರು? ಬದುಕಿನಲ್ಲಿ ಅವನು ದುಡಿಯುವವನು, ಕಾಗದದಲ್ಲಿ ವ್ಯಾಪಾರಿ. ಅವನ ಸಂಘ ಬಾಡಿಗೆ ಗೊತ್ತು ಮಾಡಿ ಹಲಗೆಗೆ ಬರೆದರೆ ಅದು ಅಕ್ರಮ ಕೂಟ ಎನಿಸಿಕೊಳ್ಳಬಹುದು. ಆದ್ದರಿಂದ ಮಾಲೀಕರ ಸಂಘಗಳು ಬಾಡಿಗೆ ಕೊಡುವ ಕಂಪನಿಗಳನ್ನು ಬಿಟ್ಟು ಸರ್ಕಾರದ ಜೊತೆ ಜಗಳಕ್ಕೆ ನಿಲ್ಲುತ್ತವೆ.

2025ರ ಏಪ್ರಿಲ್‌ನಲ್ಲಿ ಆದದ್ದೂ ಅದೇ. ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿಸಿ ಲೀಟರಿಗೆ ₹2 ಹೆಚ್ಚಾಯಿತು. ಜಿ.ಆರ್. ಷಣ್ಮುಗಪ್ಪ ಅವರ ಮುಂದಾಳತ್ವದ ರಾಜ್ಯ ಲಾರಿ ಮಾಲೀಕರ ಮತ್ತು ಏಜೆಂಟರ ಸಂಘಗಳ ಒಕ್ಕೂಟ ಏಪ್ರಿಲ್ 14ರ ಮಧ್ಯರಾತ್ರಿಯಿಂದ ಮುಷ್ಕರ ಹೂಡಿತು. ಡೀಸೆಲ್ ದರ, ಟೋಲು, ಗಡಿಯ ಚೆಕ್‌ಪೋಸ್ಟು ಮೊದಲಾದವು ಬೇಡಿಕೆಯ ಪಟ್ಟಿಯಲ್ಲಿದ್ದವು. ಸರ್ಕಾರದೊಡನೆ ಮಾತುಕತೆಯಾಗಿ 17ರಂದು ಮುಷ್ಕರ ಮುಗಿಯಿತು. ಒಂದು ಸುತ್ತಿಗೆ 200 ಲೀಟರ್ ಡೀಸೆಲ್ ಬೇಕಾಗುವ ಲಾರಿಗೆ ₹2ರ ಏರಿಕೆ ಎಂದರೆ ₹400. ಸರಕಿನವನು ಬಾಡಿಗೆಗೆ ಆ ₹400 ಸೇರಿಸಿದರೆ ಮುಷ್ಕರದ ಕಾರಣವೇ ಅರ್ಧ ಕರಗುತ್ತದೆ. ಸೇರಿಸು ಎಂದು ಹೇಳುವ ಬಲ ಯಾರಿಗೂ ಇಲ್ಲದಿರುವುದೇ ತೊಂದರೆಯ ಬೇರು.

ಸಂಬಳದ ಚಾಲಕನಿಗೆ ಕಾಯ್ದೆ ಇದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದು ಹೇಳಿತು. ದೂರದ ದಾರಿಗೆ ಸ್ವಲ್ಪ ಸಡಿಲ ಕೊಟ್ಟಿತು. ಆದರೆ ಅದು ಅನ್ವಯವಾದದ್ದು ಐವರು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗೆ. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆ ಈ ಮಿತಿಯನ್ನು ಹತ್ತು ಮಂದಿಗೆ ಏರಿಸಿದೆ. ಮೂರು ಲಾರಿಯ ಮಾಲೀಕನ ಬಳಿ ದುಡಿಯುವ ಮೂವರು ಚಾಲಕರು, ಮೂವರು ಕ್ಲೀನರುಗಳು ಹಳೆಯ ಲೆಕ್ಕದಲ್ಲಿ ಕಾಯ್ದೆಯ ಒಳಗಿದ್ದರು, ಹೊಸ ಲೆಕ್ಕದಲ್ಲಿ ಹೊರಗೆ. ಕರ್ನಾಟಕ 2024ರಲ್ಲಿ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರಿಗಾಗಿ ಪ್ರತ್ಯೇಕ ಸಾಮಾಜಿಕ ಭದ್ರತೆಯ ಕಾಯ್ದೆ ಮಾಡಿತು. ನೋಂದಾಯಿತರು ಅಪಘಾತದಲ್ಲಿ ತೀರಿಕೊಂಡರೆ ಕುಟುಂಬಕ್ಕೆ ₹5 ಲಕ್ಷ ಸಿಗುತ್ತದೆ. ಇದು ಒಳ್ಳೆಯ ಹೆಜ್ಜೆ. ಆದರೂ ಸತ್ತ ಮೇಲೆ ಸಿಗುವ ಪರಿಹಾರ ಬದುಕಿರುವಾಗ ಬೇಕಾದ ವಿಶ್ರಾಂತಿಯ ಜಾಗ ತುಂಬುವುದಿಲ್ಲ.

ಆಕಾಶದಲ್ಲೂ ಸರಕಿಗೆ ಬೇರೆ ನ್ಯಾಯ

ವಿಶ್ರಾಂತಿಯ ಈ ಕೊರತೆ ನೆಲದ ಸರಕಿಗಷ್ಟೇ ಅಲ್ಲ, ಆಕಾಶದ ಸರಕಿಗೂ ಉಂಟು. ಇದೇ ಅಂಕೋಲಾ ತಾಲ್ಲೂಕಿನ ಅಲಗೇರಿಯಲ್ಲಿ ನೌಕಾಪಡೆಯ ಸೀಬರ್ಡ್ ಯೋಜನೆಯಡಿ 2,700 ಮೀಟರ್ ರನ್‌ವೇಯ ವಿಮಾನ ನಿಲ್ದಾಣ ಯೋಜಿತವಾಗಿದೆ. ನಾಗರಿಕ ವಿಮಾನಗಳಿಗೂ ಅಲ್ಲಿ ಜಾಗ ಉಂಟು. ಸರಕು ವಿಮಾನ ಕನ್ನಡಿಗರಿಗೆ ಹೊಸತಲ್ಲ. ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2009ರಲ್ಲಿ ಡೆಕ್ಕನ್ 360 ಸರಕು ವಿಮಾನ ಸಂಸ್ಥೆ ಕಟ್ಟಿದರು; 2011ರಲ್ಲಿ ಅದು ನಿಂತಿತು. ಮಾರುಕಟ್ಟೆಯಲ್ಲಿ ಮೊದಲೇ ಬೇರು ಬಿಟ್ಟವರ ಎದುರು ಹೊಸಬ ನಿಲ್ಲುವುದು ಆಕಾಶದಲ್ಲೂ ಸುಲಭವಲ್ಲ.

ಸರಕು ವಿಮಾನದ ಪೈಲಟ್ ದುಬಾರಿ ಸಂಬಳದವನು, ಲಾರಿ ಚಾಲಕನಿಗೂ ಅವನಿಗೂ ಏನು ಹೋಲಿಕೆ ಎಂದು ಕೇಳಬಹುದು. ಹೋಲಿಕೆ ಇರುವುದು ನಿದ್ದೆಯಲ್ಲಿ. ಇಬ್ಬರೂ ಹೆಚ್ಚಾಗಿ ರಾತ್ರಿ ದುಡಿಯುತ್ತಾರೆ, ಇಬ್ಬರ ಹಿಂದೆಯೂ ಇರುವುದು ಮಾತಾಡದ ಸರಕು. 2009ರಲ್ಲಿ ಅಮೆರಿಕದಲ್ಲಿ ಪ್ರಯಾಣಿಕ ವಿಮಾನವೊಂದು ಬಿದ್ದ ಮೇಲೆ ಅಲ್ಲಿನ ಸರ್ಕಾರ ಪೈಲಟ್‌ಗಳ ವಿಶ್ರಾಂತಿಗೆ ಹೊಸ ನಿಯಮ ರೂಪಿಸಿತು. 2014ರ ಜನವರಿಯಲ್ಲಿ ಜಾರಿಯಾದ ಆ ನಿಯಮದಿಂದ ಸರಕು ವಿಮಾನಗಳನ್ನು ಹೊರಗಿಟ್ಟರು. ಖರ್ಚಿಗೆ ಹೋಲಿಸಿದರೆ ಪ್ರಯೋಜನ ಕಡಿಮೆ ಎಂಬುದು ಕೊಟ್ಟ ಕಾರಣ. ಅದಕ್ಕೆ ಕೆಲವೇ ತಿಂಗಳ ಮೊದಲು, 2013ರ ಆಗಸ್ಟ್ 14ರ ನಸುಕಿನಲ್ಲಿ, ಯುಪಿಎಸ್ ಸಂಸ್ಥೆಯ ಸರಕು ವಿಮಾನ ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿ ಬಿದ್ದು ಇಬ್ಬರು ಪೈಲಟ್‌ಗಳು ಸತ್ತಿದ್ದರು. ತನಿಖೆ ಗುರುತಿಸಿದ ಕಾರಣಗಳಲ್ಲಿ ದಣಿವೂ ಒಂದು. ಆಕಾಶ ಒಂದೇ, ರಾತ್ರಿ ಒಂದೇ. ಹಿಂದೆ ಜನ ಕೂತಿದ್ದರೆ ಒಂದು ವಿಶ್ರಾಂತಿ, ಪೆಟ್ಟಿಗೆ ಇದ್ದರೆ ಇನ್ನೊಂದು.

ಕಾನೂನು ಕೊಡದ್ದನ್ನು ಆ ಪೈಲಟ್‌ಗಳು ಕರಾರಿನಲ್ಲಿ ಕೇಳುತ್ತಾರೆ. ಸಂಬಳದ ಜೊತೆಗೆ ಯಾವ ಹೊತ್ತಿನ ಹಾರಾಟ, ಎಷ್ಟು ಗಂಟೆ ಬಿಡುವು, ನಿವೃತ್ತಿಯಲ್ಲಿ ಎಷ್ಟು ಎಂಬುದನ್ನೆಲ್ಲ ಸಂಘ ಕೂತು ಬರೆಸುತ್ತದೆ. 2023ರಲ್ಲಿ ಫೆಡೆಕ್ಸ್ ಸಂಸ್ಥೆ ಶೇ 30ರಷ್ಟು ಸಂಬಳ ಏರಿಕೆಯ ಒಪ್ಪಂದ ಮುಂದಿಟ್ಟಾಗ ಸಂಘದ ನಾಯಕರು ಒಪ್ಪಿದರೂ ಸದಸ್ಯರಲ್ಲಿ ಶೇ 57 ಮಂದಿ ಬೇಡವೆಂದು ಮತ ಹಾಕಿದರು. ಆದರೆ ಪೈಪೋಟಿ ಕಾಯಲಿಲ್ಲ: 2024ರಲ್ಲಿ ಅಮೆರಿಕದ ಅಂಚೆ ಇಲಾಖೆಯ ದೊಡ್ಡ ಗುತ್ತಿಗೆ ಫೆಡೆಕ್ಸ್ ಕೈತಪ್ಪಿ ಯುಪಿಎಸ್ ಪಾಲಾಯಿತು. ಸಂಘಟಿತ ಪೈಲಟ್ ಕೂಡ ಪೈಪೋಟಿಯಿಂದ ಪೂರ್ತಿ ತಪ್ಪಿಸಿಕೊಳ್ಳಲಾರ. ಆದರೂ ಬೇಡ ಎನ್ನುವ ಒಂದು ಮತ ಅವನ ಕೈಯಲ್ಲಿದೆ. ಸುಂಕಸಾಳದ ದಾರಿಯಲ್ಲಿ ಹೋಗುವ ಚಾಲಕನ ಎದುರು ಅಂಥ ಮತಪತ್ರವನ್ನು ಯಾರೂ ಎಂದೂ ಇಟ್ಟಿಲ್ಲ.

ಭಾರತದ ಪೈಲಟ್‌ಗಳ ಉದಾಹರಣೆ ಇನ್ನೂ ಹತ್ತಿರದ್ದು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಬೇಕೆಂಬ ನಿಯಮ 2025ರ ಜುಲೈಯಿಂದ, ರಾತ್ರಿ ಇಳಿಯುವಿಕೆಯ ಮೇಲಿನ ಮಿತಿ ಅದೇ ವರ್ಷದ ನವೆಂಬರಿನಿಂದ ಜಾರಿಯಾದವು. ಡಿಸೆಂಬರಿನಲ್ಲಿ ಈ ನಿಯಮಗಳಿಗೆ ಹೊಂದಿಕೊಳ್ಳಲಾಗದೆ ಇಂಡಿಗೊ ವಿಮಾನ ಸಂಸ್ಥೆ ಸಾವಿರಾರು ಹಾರಾಟ ರದ್ದು ಮಾಡಬೇಕಾಗಿ ಬಂದಾಗ ಪೈಲಟ್‌ನ ನಿದ್ದೆ ಮನೆಮನೆಯ ಮಾತಾಯಿತು. ಲಾರಿ ಚಾಲಕನ ನಿದ್ದೆ ಯಾವ ಸಂಜೆಯ ಸುದ್ದಿಯೂ ಆಗಿಲ್ಲ.

ಸರಕಿನ ಜೊತೆ ಜನರೂ ಇದ್ದರು

2025ರ ಜನವರಿ 22, ಬುಧವಾರ. ಸವಣೂರಿನಿಂದ ತರಕಾರಿ, ಹಣ್ಣು ಹೇರಿಕೊಂಡು ಕುಮಟಾ ಸಂತೆಗೆ ಹೊರಟ ಲಾರಿ ನಸುಕಿನಲ್ಲಿ ಅರೆಬೈಲ್ ಘಟ್ಟದ ಗುಳ್ಳಾಪುರದ ಬಳಿ ಕಂದಕಕ್ಕೆ ಉರುಳಿ 10 ಮಂದಿ ವ್ಯಾಪಾರಿಗಳು ಪ್ರಾಣ ಬಿಟ್ಟರು. ಅವರು ಕೂತಿದ್ದದ್ದು ಸರಕಿನ ಲಾರಿಯಲ್ಲಿ. ಸಂತೆಗೆ ಹೊತ್ತಿಗೆ ಮುಟ್ಟಬೇಕು, ಬೇರೆ ವಾಹನದ ಖರ್ಚು ಹುಟ್ಟುವುದಿಲ್ಲ. ಬಡ ವ್ಯಾಪಾರಿ ತನ್ನ ಸರಕಿನ ಜೊತೆಗೇ ಹೋಗುತ್ತಾನೆ. ಜನಕ್ಕೊಂದು, ಸರಕಿಗೊಂದು ಎಂದು ನಿಯಮ ಬೇರೆ ಮಾಡುವವರು ಈ ಘಟ್ಟಕ್ಕೆ ಬಂದು ನೋಡಬೇಕು. ಇಲ್ಲಿ ಸರಕಿನ ಸುರಕ್ಷತೆಯೂ ಜನರ ಸುರಕ್ಷತೆಯೂ ಒಂದೇ ಸ್ಟೇರಿಂಗಿನ ಮೇಲಿದೆ.

2024ರ ಜುಲೈ 16ರಂದು ಇದೇ ಗಂಗಾವಳಿಯ ಕೆಳದಂಡೆಯ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಬದಿಯ ಚಹಾ ಅಂಗಡಿ, ಅದರ ಕುಟುಂಬ, ಅಲ್ಲಿ ವಾಹನ ನಿಲ್ಲಿಸಿಕೊಂಡಿದ್ದ ಚಾಲಕರು ಮಣ್ಣು–ನೀರಿನ ಪಾಲಾದರು. ಮರದ ದಿಮ್ಮಿ ಹೇರಿದ್ದ ಕೇರಳದ ಲಾರಿ ಮತ್ತು ಅದರ ಚಾಲಕನ ದೇಹ ಹೊಳೆಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು. ಆ ಚಾಲಕರು ಅಲ್ಲಿ ನಿಂತದ್ದು ಯಾಕೆ? ದಣಿದವನು ಎಲ್ಲಾದರೂ ನಿಲ್ಲಲೇಬೇಕು. ನಿಲ್ಲಲು ಭದ್ರವಾದ ಜಾಗ, ಶೌಚಾಲಯ, ಮಲಗಲು ಒಂದು ಸೂರು ಗೊತ್ತು ಮಾಡಿಕೊಡದಿದ್ದರೆ ಅವನು ಗುಡ್ಡದ ಬುಡದಲ್ಲೋ ಹೊಳೆಯ ಅಂಚಿನಲ್ಲೋ ನಿಲ್ಲುತ್ತಾನೆ.

ಮಾತುಕತೆಯಲ್ಲಿ ಏನು ಬರೆಸಬೇಕು

ಚಾಲಕರ ಮಾತು ಎಂದೂ ಗೆದ್ದಿಲ್ಲವೆಂದಲ್ಲ. ಅಪಘಾತದಲ್ಲಿ ಸಾವಿಗೆ ಕಾರಣನಾಗಿ, ತಿಳಿಸದೆ ಓಡಿಹೋದರೆ 10 ವರ್ಷದವರೆಗೆ ಜೈಲು ಎಂಬ ಭಾರತೀಯ ನ್ಯಾಯ ಸಂಹಿತೆಯ 106(2)ನೇ ಕಲಮಿನ ವಿರುದ್ಧ 2024ರ ಜನವರಿಯ ಮೊದಲ ದಿನಗಳಲ್ಲಿ ದೇಶದ ಚಾಲಕರು ಲಾರಿ ನಿಲ್ಲಿಸಿದರು. ಕೇಂದ್ರ ಸರ್ಕಾರ ಮಾತುಕತೆಗೆ ಕರೆಯಿತು. ಅದೇ ವರ್ಷ ಜುಲೈ 1ರಂದು ಸಂಹಿತೆ ಜಾರಿಯಾದಾಗ ಆ ಕಲಮನ್ನು ಮಾತ್ರ ಬದಿಗಿಟ್ಟರು. ಡಿಕ್ಕಿ ಹೊಡೆದು ಸಾಯಲು ಬಿಟ್ಟು ಹೋಗುವುದು ದೊಡ್ಡ ತಪ್ಪೇ; ಜನರ ಹೊಡೆತಕ್ಕೆ ಹೆದರಿ ಓಡುವ ಚಾಲಕನ ಭಯವೂ ನಿಜವೇ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಮಾತಾಡಬೇಕೆಂದು ಅಂದು ಸರ್ಕಾರ ಒಪ್ಪಬೇಕಾಯಿತು. ಚಾಲಕ, ಮಾಲೀಕ ಇಬ್ಬರೂ ಒಂದೇ ಕಡೆ ನಿಂತದ್ದರಿಂದ ಇದು ಸಾಧ್ಯವಾಯಿತು.

ಮುಂದಿನ ಮಾತುಕತೆಗಳಲ್ಲೂ ಆ ಒಗ್ಗಟ್ಟು ಬೇಕು. ಡೀಸೆಲ್ ದರ ಏರಿದಷ್ಟು ಬಾಡಿಗೆ ತಾನಾಗಿ ಏರಬೇಕು, ಇಳಿದಷ್ಟು ಇಳಿಯಬೇಕು ಎಂಬ ಷರತ್ತು ಕಂಪನಿಗಳ ಸಾಗಣೆ ಗುತ್ತಿಗೆಯಲ್ಲಿ ಬರಬೇಕು. ಆ ಲಾಭ ಏಜೆಂಟನಲ್ಲಿ ನಿಲ್ಲದೆ ಲಾರಿಯವನಿಗೆ ಮುಟ್ಟಬೇಕು. ಗೋದಾಮಿನ ಮುಂದೆ ಕಾದ ಗಂಟೆಗಳಿಗೆ ಬರಹದಲ್ಲಿ ಹಣ ಗೊತ್ತಾಗಬೇಕು, ಆ ಹಣದಲ್ಲಿ ಚಾಲಕನ ಪಾಲೂ ಇರಬೇಕು. ಹುಬ್ಬಳ್ಳಿ–ಅಂಕೋಲಾ ದಾರಿಯಲ್ಲಿ ಘಟ್ಟದ ಮೇಲೊಂದು, ಸುಂಕಸಾಳದ ಆಸುಪಾಸಿನಲ್ಲಿ ಕೆಳಗೊಂದು ಭದ್ರ ತಂಗುದಾಣ ಬೇಕು. 2025ರ ಅಕ್ಟೋಬರಿನಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ ಮಾಡಿದ್ದು ಸರಿಯಾದ ನಿರ್ಧಾರ; ಎಚ್ಚರದಲ್ಲಿರುವಾಗಿನ ತಂಪಿನಷ್ಟೇ ಮಲಗಲು ಬಿಡುವೂ ಮುಖ್ಯ.

ಇದಕ್ಕೆಲ್ಲ ಮೊದಲು ಆಗಬೇಕಾದದ್ದು ಒಂದಿದೆ. ಮಾಲೀಕರ ಸಂಘವೂ ಸರ್ಕಾರವೂ ಕೂತು ಮಾತಾಡುವಾಗ ಸಂಬಳದ ಚಾಲಕರ ಪ್ರತಿನಿಧಿಗೂ ಅಲ್ಲಿ ಕುರ್ಚಿ ಹಾಕಬೇಕು. ಟೋಲು, ತೆರಿಗೆ, ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಶುಲ್ಕದ ಪಟ್ಟಿಯಲ್ಲಿ ವಿಶ್ರಾಂತಿಯ ಗಂಟೆ ಒಂದು ಬೇಡಿಕೆಯಾಗಿ ಇಂದಿಗೂ ಸೇರಿಲ್ಲವೆಂದರೆ, ಅದನ್ನು ಹೇಳಬೇಕಾದವನು ಆ ಹೊತ್ತಿನಲ್ಲಿ ಲಾರಿಯನ್ನು ಘಟ್ಟ ಇಳಿಸುತ್ತಿರುತ್ತಾನೆ ಎಂಬುದೇ ಕಾರಣ. ಬಾಡಿಗೆ ಎಂಬುದು ಡೀಸೆಲ್, ಟೈರು, ಕಂತು ಇವಿಷ್ಟರ ಮೊತ್ತವಾಗಿರುವವರೆಗೆ ಪೈಪೋಟಿಯ ನಷ್ಟವನ್ನು ಚಾಲಕನ ಮೈಯೇ ತೆರುತ್ತದೆ. ಅವನ ನಿದ್ದೆಯ ಬೆಲೆಯನ್ನೂ ಸೇರಿಸಿ ಬಾಡಿಗೆ ಕಟ್ಟಿದರೆ ನಮ್ಮ ತರಕಾರಿ, ಸಿಮೆಂಟಿನ ದರ ತುಸು ಹೆಚ್ಚಾಗಬಹುದು. ಆ ಹೆಚ್ಚಳವನ್ನು ಕೊಳ್ಳುವ ನಾವು ಕೊಡಬೇಕು. ಇಷ್ಟು ವರ್ಷ ನಮ್ಮ ಪರವಾಗಿ ಅದನ್ನು ಕೊಟ್ಟವನು ಅವನೇ.